ದಿನಾಂಕವನ್ನು ಮಾರುವವರು

2020ರ ಅಕ್ಟೋಬರ್ 26ರಂದು ಅಭಿಮಾನಿಯೊಬ್ಬ ಟ್ವಿಟರ್‌ನಲ್ಲಿ ಒಂದು ಸರಳ ಪ್ರಶ್ನೆ ಕೇಳಿದ. ‘ಸೈಬರ್‌ಪಂಕ್ 2077’ ಎಂಬ ವೀಡಿಯೊ ಗೇಮ್ ಹೇಳಿದ ದಿನದಂದೇ, ಅಂದರೆ ನವೆಂಬರ್ 19ರಂದೇ ಬರುವುದು ಖಚಿತವೇ? ಖಚಿತ ಎಂದು ಗೇಮ್‌ನ ಅಧಿಕೃತ ಖಾತೆಯಿಂದಲೇ ಉತ್ತರ ಬಂತು. ಮರುದಿನ ಇನ್ನೊಂದು ಪ್ರಕಟಣೆ ಬಂತು: ಬಿಡುಗಡೆಯನ್ನು ಡಿಸೆಂಬರ್ 10ಕ್ಕೆ ಮುಂದೂಡಲಾಗಿದೆ. ಅದು ಮೂರನೆಯ ಮುಂದೂಡಿಕೆ. ಕಂಪೆನಿಯ ಬಹಳಷ್ಟು ನೌಕರರಿಗೂ ಆ ಸುದ್ದಿ ತಿಳಿದದ್ದು ಜಗತ್ತಿಗೆ ತಿಳಿದಾಗಲೇ ಎಂದು ಆಮೇಲೆ ವರದಿಯಾಯಿತು.

ಮಕ್ಕಳಾಟಕ್ಕೆ ಇಷ್ಟೊಂದು ಚರ್ಚೆ ಯಾಕೆ ಎಂದು ಕೆಲವರು ಕೇಳಬಹುದು. ಆದರೆ ವೀಡಿಯೊ ಗೇಮ್ ಮಕ್ಕಳಾಟವಾಗಿ ಉಳಿದು ಬಹಳ ಕಾಲವಾಯಿತು. ದುಡಿದು ಸಂಪಾದಿಸುವ ವಯಸ್ಕರೇ ಅದರ ದೊಡ್ಡ ಗಿರಾಕಿಗಳು. ಮನುಷ್ಯನ ನಿರೀಕ್ಷೆಯನ್ನು ಸರಕಾಗಿಸುವ ವಿದ್ಯೆಯನ್ನು ಇಂದಿನ ಮಾರುಕಟ್ಟೆ ಎಷ್ಟು ಚೆನ್ನಾಗಿ ಕಲಿತಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ.

ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಕಂಪೆನಿ ಈ ಗೇಮನ್ನು ಘೋಷಿಸಿದ್ದು 2012ರಲ್ಲಿ. 2013ರ ಜನವರಿಯಲ್ಲಿ ಬಂದ ಮೊದಲ ಪ್ರಚಾರ ತುಣುಕಿನಲ್ಲಿ, ಸಿದ್ಧವಾದಾಗ ಬರುತ್ತದೆ ಎಂದಷ್ಟೇ ಇತ್ತು. ಅದು ಪ್ರಾಮಾಣಿಕ ಮಾತು. ಇದೇ ಕಂಪೆನಿಯ ‘ವಿಚರ್ 3’ ಎರಡು ಬಾರಿ ಮುಂದಕ್ಕೆ ಹೋಗಿ, 2015ರಲ್ಲಿ ಬಂದು ಅಪಾರ ಮೆಚ್ಚುಗೆ ಗಳಿಸಿತ್ತು. ಇವರು ತಡ ಮಾಡಿದರೂ ಕೆಡಿಸುವುದಿಲ್ಲ ಎಂಬ ನಂಬಿಕೆ ಅಭಿಮಾನಿಗಳಲ್ಲಿ ಬೇರೂರಿತು.

ಆ ನಂಬಿಕೆಗೆ ಬೆಲೆ ಕಟ್ಟಿದ್ದು 2019ರ ಜೂನ್‌ನಲ್ಲಿ. ಲಾಸ್ ಏಂಜಲೀಸ್‌ನ ಇ3 ಮೇಳದ ಸಂದರ್ಭದಲ್ಲಿ ಹಾಲಿವುಡ್ ನಟ ಕಿಯಾನು ರೀವ್ಸ್ ವೇದಿಕೆಗೆ ಬಂದರು. ಸಭಾಂಗಣ ಹುಚ್ಚೆದ್ದು ಕುಣಿಯಿತು. 2020ರ ಏಪ್ರಿಲ್ 16 ಎಂಬ ದಿನಾಂಕ ಪ್ರಕಟವಾಯಿತು, ಜೊತೆಗೇ ಮುಂಗಡ ಖರೀದಿಯೂ ಶುರುವಾಯಿತು. ನಾವು ನೋಡದ ಸಿನಿಮಾಕ್ಕೂ ಟಿಕೆಟ್ ಕೊಳ್ಳುತ್ತೇವೆ, ನಿಜ. ಆದರೆ ಚಿತ್ರೀಕರಣ ಮುಗಿಯದ ಸಿನಿಮಾಕ್ಕೆ ಕೊಳ್ಳುವುದಿಲ್ಲ. ಇಲ್ಲಿ ನಡೆದದ್ದು ಅದೇ. ಏಪ್ರಿಲ್ ಸೆಪ್ಟೆಂಬರ್ ಆಯಿತು, ಸೆಪ್ಟೆಂಬರ್ ನವೆಂಬರ್ ಆಯಿತು, ಕೊನೆಗೆ ಡಿಸೆಂಬರ್. ಅಷ್ಟರಲ್ಲಿ ಮುಂಗಡ ಕೊಟ್ಟವರ ಸಂಖ್ಯೆ 80 ಲಕ್ಷ ದಾಟಿತ್ತು. ಡಿಜಿಟಲ್ ಮುಂಗಡದ ಹಣವೊಂದರಿಂದಲೇ ಗೇಮ್ ತಯಾರಿಕೆಯ ಇಡೀ ಖರ್ಚು ಮತ್ತು ಆ ವರ್ಷದ ಪ್ರಚಾರದ ಖರ್ಚು ಹುಟ್ಟಿತೆಂದು ಕಂಪೆನಿಯೇ ತಿಳಿಸಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರೆಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಕುಲಾವಿಯ ಹಣದಲ್ಲೇ ಹೆರಿಗೆಯ ಖರ್ಚೂ ಮುಗಿದಿತ್ತು.

ತಡವಾದದ್ದು ತಪ್ಪಲ್ಲ. ಒಳ್ಳೆಯ ಕೆಲಸಕ್ಕೆ ಸಮಯ ಬೇಕು. ಸಿದ್ಧವಿಲ್ಲದ ವಸ್ತುವಿನ ದಿನಾಂಕವನ್ನು ಮಾರಿದ್ದೇ ತಪ್ಪು. ಹಾಗೆ ಮಾರಿದ ದಿನಾಂಕ ತಪ್ಪಿದಾಗ ಅದರ ಪೆಟ್ಟು ಬಿದ್ದದ್ದು ಯಾರಿಗೆ ಎಂದು ನೋಡಬೇಕು.

ಮೊದಲ ಪೆಟ್ಟು ಕೆಲಸಗಾರರಿಗೆ. ಕಡ್ಡಾಯದ ಹೆಚ್ಚುವರಿ ದುಡಿಮೆ ಇರುವುದಿಲ್ಲವೆಂದು 2019ರಲ್ಲಿ ಭರವಸೆ ಕೊಟ್ಟಿದ್ದ ಆಡಳಿತ, 2020ರ ಸೆಪ್ಟೆಂಬರ್‌ನಲ್ಲಿ ವಾರಕ್ಕೆ ಆರು ದಿನ ದುಡಿಯಲು ಹೇಳಿತು. ಮೂರನೆಯ ಮುಂದೂಡಿಕೆಯ ನಂತರ ಅವರಿಗೆ ಕೊಲೆ ಬೆದರಿಕೆಗಳೂ ಬಂದವು. ದಿನಾಂಕ ನಿಗದಿ ಮಾಡಿದವರು ಅವರಲ್ಲ. ಆದರೂ ಬೈಗುಳ ತಲುಪಿದ್ದು ಅವರನ್ನೇ.

ಎರಡನೆಯ ಪೆಟ್ಟು ವಿಮರ್ಶಕರಿಗೆ. ವಿಮರ್ಶೆಗೆಂದು ಕಂಪೆನಿ ಮೊದಲು ಕೊಟ್ಟದ್ದು ಕಂಪ್ಯೂಟರ್ ಆವೃತ್ತಿ ಮಾತ್ರ. ಹಳೆಯ ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್‌ಗಳಲ್ಲಿ ಗೇಮ್ ಹೇಗಿದೆಯೆಂದು ಬಿಡುಗಡೆಯವರೆಗೆ ಯಾರಿಗೂ ತಿಳಿಯದಂತೆ ನೋಡಿಕೊಳ್ಳಲಾಯಿತು. ಆದರೂ ಕೆಲವರು ಕಂಡದ್ದನ್ನು ಬರೆದರು. ಹತ್ತಕ್ಕೆ ಏಳು ಅಂಕ ಕೊಟ್ಟ ವಿಮರ್ಶಕಿಯೊಬ್ಬರ ಮೇಲೆ ಅಭಿಮಾನಿಗಳು ಮುಗಿಬಿದ್ದರು. ಗೇಮ್‌ನ ಒಂದು ದೃಶ್ಯದಲ್ಲಿ ಮಿನುಗುವ ದೀಪಗಳಿಂದ ಅಪಸ್ಮಾರ ಇರುವವರಿಗೆ ಅಪಾಯವಿದೆಯೆಂದು ಎಚ್ಚರಿಸಿದ ಇನ್ನೊಬ್ಬ ವಿಮರ್ಶಕಿಗೆ, ಸ್ವತಃ ಆ ಕಾಯಿಲೆಯಿಂದ ಬಳಲುವವರಿಗೆ, ಅಂಥದೇ ಮಿನುಗುವ ವೀಡಿಯೊಗಳನ್ನು ಕಳಿಸಿದವರಿದ್ದರು. ಕಂಪೆನಿ ಮಾತ್ರ ಆ ಎಚ್ಚರಿಕೆಯನ್ನು ಒಪ್ಪಿ ದೃಶ್ಯವನ್ನು ಬದಲಿಸಿತು. ದಾಳಿ ಮಾಡಿದವರಲ್ಲಿ ಹೆಚ್ಚಿನವರು ಆಗ ಗೇಮನ್ನು ಮುಟ್ಟಿಯೂ ಇರಲಿಲ್ಲ, ಅದಿನ್ನೂ ಬಿಡುಗಡೆಯೇ ಆಗಿರಲಿಲ್ಲ! ಅವರು ಕಾದದ್ದು ತಮ್ಮ ನಿರೀಕ್ಷೆಯನ್ನು. ವರ್ಷಗಟ್ಟಲೆ ಕಾದವನಿಗೆ, ಕಾದದ್ದು ವ್ಯರ್ಥವಾಯಿತೆಂದು ಹೇಳುವವನೇ ಶತ್ರುವಾಗಿ ಕಾಣುತ್ತಾನೆ. ಗಿರಾಕಿಯನ್ನು ಕೂಲಿಯಿಲ್ಲದ ಕಾವಲುಗಾರನನ್ನಾಗಿ ಮಾಡುವುದೇ ಅಬ್ಬರದ ಪ್ರಚಾರದ ನಿಜವಾದ ಗೆಲುವು.

ಮೂರನೆಯ ಪೆಟ್ಟು ಸ್ವತಃ ಅಭಿಮಾನಿಗೆ. ಡಿಸೆಂಬರ್ 10ರಂದು ಹಳೆಯ ಯಂತ್ರಗಳಲ್ಲಿ ಗೇಮ್ ಹಾಕಿದವರು ಕಂಡದ್ದು ಮಸುಕು ಚಿತ್ರಗಳು, ಮತ್ತೆ ಮತ್ತೆ ನಿಂತುಹೋಗುವ ಆಟ. ಕಂಪೆನಿ ಕ್ಷಮೆ ಕೇಳಿತು. ಎಂಟನೆಯ ದಿನ ಸೋನಿ ಅದನ್ನು ತನ್ನ ಪ್ಲೇಸ್ಟೇಷನ್ ಮಳಿಗೆಯಿಂದಲೇ ತೆಗೆದುಹಾಕಿತು. ಮತ್ತೆ ಅಲ್ಲಿಗೆ ಮರಳಿದ್ದು 2021ರ ಜೂನ್‌ನಲ್ಲಿ. 2018ರ ಪ್ರಚಾರ ಚಿತ್ರದ ಆರಂಭದಲ್ಲೇ ನಾಯಕ ಪಾತ್ರ ಪ್ರಯಾಣಿಸುತ್ತಿದ್ದ ನಗರ ರೈಲು ಆಟಗಾರರ ಸವಾರಿಗೆ ಸಿಕ್ಕಿದ್ದು 2023ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಗೇಮ್ ನಿಜಕ್ಕೂ ಚೆನ್ನಾಗಿತ್ತು, ಜನ ಮೆಚ್ಚಿದರು. ಆದರೆ ಆ ಮೂರು ವರ್ಷದ ಕೆಲಸಕ್ಕೆ ಹಣ 2020ರಲ್ಲೇ ಸಂದಾಯವಾಗಿತ್ತು ಎಂಬುದನ್ನು ಮರೆಯಬಾರದು.

ಇದಕ್ಕೆ ಬೇರೆ ದಾರಿಯೇ ಇಲ್ಲವೇ? ಆಸ್ಟ್ರೇಲಿಯದ ಅಡಿಲೇಡ್‌ನಲ್ಲಿ ಟೀಮ್ ಚೆರ್ರಿ ಎಂಬ ಪುಟ್ಟ ತಂಡವಿದೆ. ಅದರ ‘ಸಿಲ್ಕ್‌ಸಾಂಗ್’ 2019ರಲ್ಲಿ ಘೋಷಣೆಯಾಗಿ 2025ರ ಸೆಪ್ಟೆಂಬರ್ 4ರಂದು ಬಂತು. ಆರು ವರ್ಷ ಅಭಿಮಾನಿಗಳು ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತಾ ಕಾದರು. ತಂಡದ ದೀರ್ಘ ಮೌನ ಅವರನ್ನು ಸತಾಯಿಸಿದ್ದೂ ಹೌದು. ಆದರೆ ಆ ಮೌನಕ್ಕೆ ಯಾರೂ ಹಣ ತೆರಲಿಲ್ಲ. ಬಿಡುಗಡೆಯ ದಿನಾಂಕ ಹೇಳಿದ್ದು ಕೇವಲ ಎರಡು ವಾರ ಮೊದಲು, ಬೆಲೆ 20 ಡಾಲರ್. ಬಂದ ದಿನ ಕೊಳ್ಳುವವರ ನೂಕುನುಗ್ಗಲಿಗೆ ದೊಡ್ಡ ದೊಡ್ಡ ಆನ್‌ಲೈನ್ ಮಳಿಗೆಗಳೇ ಕುಸಿದವು.

ಸಿಡಿ ಪ್ರಾಜೆಕ್ಟ್ ವಿರುದ್ಧ ಅಮೆರಿಕದಲ್ಲಿ ಮೊಕದ್ದಮೆ ಹೂಡಿದ ಷೇರುದಾರರಿಗೆ 18.5 ಲಕ್ಷ ಡಾಲರ್‌ಗಳ ರಾಜಿ ಪರಿಹಾರ ಸಿಕ್ಕಿತು. ಷೇರುದಾರನಿಗೆ ತನ್ನ ಹಣದ ಬೆಲೆ ಗೊತ್ತು. ಅಭಿಮಾನಿಗೂ ಅದು ಗೊತ್ತಾಗಬೇಕು. ಅವನ ಕೈಯಲ್ಲಿರುವ ಒಂದೇ ಅಸ್ತ್ರ ಅವನ ಕಿಸೆ. ಅದನ್ನು ಮೊದಲೇ ಒಪ್ಪಿಸಿಬಿಟ್ಟರೆ ಆಮೇಲೆ ಉಳಿಯುವುದು ಬೈಗುಳ ಮಾತ್ರ, ಅದೂ ತಪ್ಪು ವಿಳಾಸಕ್ಕೆ ಹೋಗುತ್ತದೆ. ಎಂಟು ವರ್ಷ ಕಾದವನು ಇನ್ನು ಎಂಟು ದಿನ ಕಾದಿದ್ದರೆ ಸಾಕಿತ್ತು.