ಉಂಗುರ ತೊಟ್ಟ ನಡಿಗೆ

ಗೇಮಿನಲ್ಲಿ ಯಾವಾಗಲೂ ಹೆಣ್ಣು ಪಾತ್ರವನ್ನೇ ಆರಿಸಿಕೊಳ್ಳುವ ಗಂಡಸರನ್ನು ಯಾಕಪ್ಪಾ ಎಂದು ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: ಅರವತ್ತು ಗಂಟೆ ಯಾರದೋ ಬೆನ್ನು ನೋಡುತ್ತ ಕೂರಬೇಕು, ಚೆಂದದ ಬೆನ್ನಾದರೂ ಇರಲಿ ಬಿಡಿ. ತುಸು ಪೋಲಿ ಮಾತು, ಆದರೆ ಪೂರ್ತಿ ಸುಳ್ಳೇನಲ್ಲ. ಪಾತ್ರವನ್ನು ಹಿಂದಿನಿಂದ ತೋರಿಸುವ ಆರ್‌ಪಿಜಿಗಳಲ್ಲಿ, ಅಂದರೆ ಒಂದು ಪಾತ್ರವಾಗಿ ಆಡುವ ಆಟಗಳಲ್ಲಿ, ಕ್ಯಾಮೆರಾ ನಾಲ್ಕು ಹೆಜ್ಜೆ ಹಿಂದೆಯೇ ಬರುತ್ತಿರುತ್ತದೆ. ಶುರುವಿನಲ್ಲಿ ಮೂಗು ತೀಡಿ, ಹುಬ್ಬು ತಿದ್ದಿ, ಕೆನ್ನೆಗೊಂದು ಗಾಯದ ಗೆರೆ ಎಳೆದು ಗಂಟೆಗಟ್ಟಲೆ ಕಳೆದವರಿಗೂ ಆಮೇಲೆ ಆ ಮುಖ ಕಾಣುವುದು ಅಪರೂಪಕ್ಕೆ. ಅದರ ಮೇಲೂ ಒಂದು ಹೆಲ್ಮೆಟ್ ಬಂದು ಕೂತಿರುತ್ತದೆ. ಆಟದುದ್ದಕ್ಕೂ ಕಣ್ಣಿಗೆ ಬೀಳುವುದು ನಡಿಗೆ. ಓಡುವ ರೀತಿ, ಏಣಿ ಹತ್ತುವ ರೀತಿ, ಏನೂ ಮಾಡದೆ ನಿಂತಾಗ ಭಾರವನ್ನು ಯಾವ ಕಾಲಿನ ಮೇಲೆ ಹಾಕುತ್ತಾಳೆ ಎನ್ನುವುದು. ನನ್ನ ಮಟ್ಟಿಗೆ ಈ ವೇಷಾಂತರದ ರುಚಿ ಅಲ್ಲಿಂದಲೇ ಶುರು.

ಈ ಗುಟ್ಟು ಚೆನ್ನಾಗಿ ಗೊತ್ತಿದ್ದವರು ಜಪಾನಿನ ಫ್ರಮ್‌ಸಾಫ್ಟ್‌ವೇರ್‌ನವರು. ಅವರ ‘ಡಾರ್ಕ್ ಸೋಲ್ಸ್ 3’ (2016) ಆಟದಲ್ಲಿ ರಿವರ್ಸಲ್ ರಿಂಗ್ ಎಂಬ ಉಂಗುರವಿದೆ. ಆ ಆಟದ ಉಳಿದ ಉಂಗುರಗಳಲ್ಲಿ ಹೆಚ್ಚಿನವು ಏನಾದರೂ ಲಾಭ ಮಾಡಿಕೊಡುತ್ತವೆ: ಒಂದು ಆಯಸ್ಸು ಹೆಚ್ಚಿಸುತ್ತದೆ, ಇನ್ನೊಂದು ಬೆಂಕಿ ತಡೆಯುತ್ತದೆ. ಇದರಿಂದ ಅಂಥ ಪ್ರಯೋಜನ ಏನೂ ಇಲ್ಲ. ಗಂಡು ಪಾತ್ರ ತೊಟ್ಟರೆ ಅವನು ಹೆಣ್ಣಿನಂತೆ ನಡೆಯುತ್ತಾನೆ, ಹೆಣ್ಣು ತೊಟ್ಟರೆ ಗಂಡಿನಂತೆ. ಮುಖ ಅದೇ, ಮೈ ಅದೇ, ಕವಚ ಅದೇ. ಹೆಜ್ಜೆ ಮತ್ತು ಹಾವಭಾವ ಮಾತ್ರ ಬೇರೆ. ಮೊಳಕಾಲು ಹತ್ತಿರ ಬರುತ್ತವೆ, ಭುಜದ ಬಿಗಿ ಸಡಿಲುತ್ತದೆ, ಕಬ್ಬಿಣದ ಕವಚ ಹೊತ್ತ ದಾಂಡಿಗ ಇದ್ದಕ್ಕಿದ್ದಂತೆ ನೆಲದ ಮೇಲೆ ಹಗುರಾಗುತ್ತಾನೆ. ಹೊಡೆದಾಟಕ್ಕೆ ಇದರಿಂದ ಕಾಸಿನ ಉಪಯೋಗವಿಲ್ಲ. ಆದರೂ ಬೇರೆ ಉಂಗುರಕ್ಕೆ ಸಿಗಬಹುದಾಗಿದ್ದ ಜಾಗವನ್ನು ಬಿಟ್ಟುಕೊಟ್ಟು, ಬರೀ ಆ ನಡಿಗೆಗಾಗಿ ಇದನ್ನು ತೊಟ್ಟು ತಿರುಗುವವರಿದ್ದಾರೆ. ಅವರನ್ನು ನಾನು ರಸಿಕರೆಂದೇ ಕರೆಯುತ್ತೇನೆ.

ಯಕ್ಷಗಾನ ನೋಡಿ ಬೆಳೆದವರಿಗೆ ಇದು ಹೊಸ ಮಾತೇನಲ್ಲ. ಸ್ತ್ರೀವೇಷದವರು ಚೌಕಿಯಲ್ಲಿ ಬಣ್ಣ ಹಚ್ಚಿ ಸೀರೆ ಉಟ್ಟು ಕೂತಿದ್ದಾಗಲೂ ಪಕ್ಕದವರೊಡನೆ ಹರಟುತ್ತಿರುವ ಗಂಡಸೇ. ರಂಗಕ್ಕೆ ನಾಲ್ಕು ಹೆಜ್ಜೆ ಇಟ್ಟರೆ ಮುಗಿಯಿತು, ಅಲ್ಲಿ ದಾಕ್ಷಾಯಿಣಿ ಬಂದಿರುತ್ತಾಳೆ. ಏಕವ್ಯಕ್ತಿ ಯಕ್ಷಗಾನದಲ್ಲಿ ಮಂಟಪ ಪ್ರಭಾಕರ ಉಪಾಧ್ಯರ ಸ್ತ್ರೀಪಾತ್ರ ನೋಡಿದವರು ಆಮೇಲೆ ಸೀರೆಯ ಬಣ್ಣ ಮರೆಯಬಹುದು, ಕತ್ತು ತಿರುಗಿಸಿದ ರೀತಿಯನ್ನು ಮರೆಯುವುದಿಲ್ಲ. ಆಹಾರ್ಯ, ಅಂದರೆ ವೇಷಭೂಷಣ, ಅರ್ಧ ದಾರಿ ಕರೆದೊಯ್ಯುತ್ತದೆ, ಉಳಿದರ್ಧಕ್ಕೆ ಮೈಯ ಅಭಿನಯವಾದ ಆಂಗಿಕವೇ ಬೇಕು. ವಿಡಿಯೋ ಗೇಮುಗಳ ಆಹಾರ್ಯದ ಬಗ್ಗೆ ಹೆಚ್ಚು ಹೇಳದಿರುವುದೇ ವಾಸಿ. ಗಂಡಿನ ಮೈಮೇಲೆ ಕುತ್ತಿಗೆಯವರೆಗೆ ಮುಚ್ಚುವ ಕವಚವನ್ನೇ ಹೆಣ್ಣಿಗೆ ತೊಡಿಸಿದ ತಕ್ಷಣ ಹೊಟ್ಟೆ ಕಾಣುವಂತೆ ಮಾಡುವ ಆಟಗಳು ಎಷ್ಟಿಲ್ಲ!

ಆ ಉಂಗುರಕ್ಕೊಂದು ಕಥೆಯೂ ಇದೆ. ಅದು ಗ್ವಿಂಡೊಲಿನ್ ಎಂಬ ದೇವಕುಮಾರನದು. ಹುಟ್ಟಿದ್ದು ಗಂಡಾಗಿ, ಆದರೆ ಚಂದ್ರನ ಶಕ್ತಿ ಅವನಲ್ಲಿತ್ತು, ಅದಕ್ಕೆಂದೇ ಮಗಳಂತೆ ಬೆಳೆಸಿದರು. 2011ರ ಮೊದಲ ‘ಡಾರ್ಕ್ ಸೋಲ್ಸ್’ನಲ್ಲಿ ಇವನ ಕೆಲಸ ನೋಡಬೇಕು. ದೇವತೆಗಳೆಲ್ಲ ಬಿಟ್ಟುಹೋದ ನಗರದಲ್ಲಿ ಅಕ್ಕ ಗ್ವಿನೆವಿಯರ್ ಇನ್ನೂ ಇದ್ದಾಳೆ ಎಂದು ನಂಬಿಸಲು ಅವಳ ಮಾಯಾರೂಪವನ್ನು ನಿಲ್ಲಿಸಿದ್ದಾನೆ. ಸಂಜೆಯ ಹೊಂಬಿಸಿಲೂ ಅದೇ ಮಾಯೆ. ಆ ರೂಪಕ್ಕೆ ಒಂದು ಬಾಣ ಬಿಟ್ಟರೆ ಇಡೀ ನಗರ ಕತ್ತಲಾಗುತ್ತದೆ. ಕಣ್ಣಿಗೆ ಬೀಳದ ಜಾಗದಲ್ಲಿ ತಾನು ಉಳಿದು, ಹೆಣ್ಣಿನ ಬಿಂಬವೊಂದನ್ನು ಮುಂದೆ ಮಾಡಿ ಅವಳ ಮೂಲಕ ಮಾತಾಡುವುದು! ಕಂಟ್ರೋಲರ್ ಹಿಡಿದು ಸೋಫಾದಲ್ಲಿ ಕೂತ ನಾವೂ ಮಾಡುವುದು ಅದನ್ನೇ ಅಲ್ಲವೇ ಎಂದು ಅನ್ನಿಸಿದ ದಿನ ಆ ಪಾತ್ರದ ಮೇಲೆ ನನಗೆ ಅಕ್ಕರೆ ಹುಟ್ಟಿತು.

ಆದರೆ ಉಂಗುರವಿಲ್ಲದೆ ನಡಿಗೆ ಬದಲಾಗುವುದು ಸುಲಭವಲ್ಲ. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಡುವ 375 ಜನರಿಗೆಂದೇ ಸಂಶೋಧಕರು ಒಂದು ಸಾಹಸ ಹೆಣೆದು, ಅವರು ಆಡುವುದನ್ನು ಗಮನಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಂಡಸರಲ್ಲಿ ನೂರಕ್ಕೆ 23 ಜನ ಹೆಣ್ಣು ಪಾತ್ರ ಆರಿಸಿಕೊಂಡಿದ್ದರು, ಹೆಂಗಸರಲ್ಲಿ ಗಂಡು ಪಾತ್ರ ಆರಿಸಿಕೊಂಡವರು ನೂರಕ್ಕೆ 7. ಈ ಗಂಡಸರು ಚೆಂದದ ಮುಖ ಆರಿಸಿಕೊಂಡರು, ಮಾತಿನಲ್ಲಿ ಭಾವ ತುಂಬಿದರು, ಆಶ್ಚರ್ಯಸೂಚಕ ಚಿಹ್ನೆಗಳನ್ನು ಧಾರಾಳವಾಗಿ ಚೆಲ್ಲಿದರು. ಮಾತಿನ ಮಟ್ಟಿಗೆ ವೇಷ ಕೂತಿತ್ತು. ಗುಟ್ಟು ಬಿಟ್ಟುಕೊಟ್ಟದ್ದು ಓಡಾಟ: ಹೆಚ್ಚು ಹಿಂದೆ ಹಿಂದೆ ಸರಿಯುತ್ತಿದ್ದರು, ಕಾರಣವಿಲ್ಲದೆ ನೆಗೆಯುತ್ತಿದ್ದರು. ಓದಿ ನಾನು ಜೋರಾಗಿ ನಕ್ಕೆ. ಸಾಲಿನಲ್ಲಿ ನಿಂತಾಗ ಸುಮ್ಮನಿರಲಾರದೆ ಸ್ಪೇಸ್ ಬಾರ್ ಒತ್ತುವ ಚಟ ಯಾವ ಸೀರೆಯ ಕೆಳಗೂ ಅಡಗುವುದಿಲ್ಲ. (ಆನ್‌ಲೈನ್ ಆಟಗಳಲ್ಲಿ ಗಂಡಾಗಿ ಕಾಣಿಸಿಕೊಳ್ಳುವ ಹೆಂಗಸರಲ್ಲಿ ಅನೇಕರಿಗೆ ಅದು ಪೀಡಕರಿಂದ ತಪ್ಪಿಸಿಕೊಳ್ಳುವ ಉಪಾಯ, ಅದರಲ್ಲಿ ರುಚಿಯ ಪ್ರಶ್ನೆ ಬರುವುದಿಲ್ಲ.)

ವಾಚಿಕಕ್ಕೆ, ಅಂದರೆ ಮಾತಿನ ಅಭಿನಯಕ್ಕೆ, ಬಂದರೆ ನನಗೆ ಮೊದಲು ನೆನಪಾಗುವುದು ಜೆನಿಫರ್ ಹೇಲ್. ಬಯೋವೇರ್ ಕಂಪನಿಯ ‘ಮಾಸ್ ಎಫೆಕ್ಟ್’ (2007) ಮತ್ತು ಅದರ ಎರಡು ಮುಂದಿನ ಭಾಗಗಳಲ್ಲಿ ಕಮಾಂಡರ್ ಶೆಪರ್ಡ್ ಗಂಡಾದರೆ ಮಾರ್ಕ್ ಮೀರ್ ಧ್ವನಿ, ಹೆಣ್ಣಾದರೆ ಹೇಲ್ ಧ್ವನಿ. ಮಾತುಗಳು ಬಹುಪಾಲು ಒಂದೇ. ಒಂದೇ ಪದ್ಯವನ್ನು ಇಬ್ಬರು ಭಾಗವತರ ಬಾಯಲ್ಲಿ ಕೇಳಿದ ಹಾಗೆ. ಪೋಸ್ಟರುಗಳಲ್ಲಿ ಮೆರೆದದ್ದು ಗಂಡು ಶೆಪರ್ಡ್. ಹೆಣ್ಣು ಶೆಪರ್ಡ್ ಆಗಿ ಆಡಿದವರು ನೂರಕ್ಕೆ 18 ಎಂದು 2011ರಲ್ಲಿ ಕಂಪನಿಯವರೇ ಹೇಳಿದ್ದರು. ಮರುವರ್ಷ ಬಂದ ಮೂರನೆಯ ಭಾಗದ ಡಬ್ಬಿಯ ಹೊದಿಕೆಯನ್ನು ತಿರುವಿ ಹಾಕಿದರೆ ಅವಳ ಚಿತ್ರ ಬರುವಂತೆ ಮಾಡಿದರು. ತಿರುವಿ ಹಾಕಬೇಕಾಗಿದ್ದದ್ದು ಅವಳನ್ನೇ ಎಂಬುದು ಬೇರೆ ಮಾತು.

ಮೊದಲ ಭಾಗದಲ್ಲಿ ವರ್ಮೈರ್ ಎಂಬ ಗ್ರಹದ ಕಡಲತೀರವಿದೆ. ಅಲ್ಲಿ ರೆಕ್ಸ್ ಎಂಬ ಜೊತೆಗಾರ ಸಿಟ್ಟಿನಲ್ಲಿ ನೀರಿಗೆ ಗುಂಡು ಹಾರಿಸುತ್ತ ನಿಂತಿದ್ದಾನೆ. ಅವನ ಕ್ರೋಗನ್ ಕುಲಕ್ಕೆ ಮಕ್ಕಳಾಗುವುದೇ ಅಪರೂಪವಾಗುವಂತೆ ಹಿಂದೆ ಯಾರೋ ರೋಗ ಅಂಟಿಸಿದ್ದರು. ಅದಕ್ಕೆ ಮದ್ದು ಈಗ ಶತ್ರುವಿನ ಕೋಟೆಯೊಳಗಿದೆ, ಶೆಪರ್ಡ್ ಬಂದಿರುವುದು ಆ ಕೋಟೆಯನ್ನೇ ಉಡಾಯಿಸಲು. ಇಬ್ಬರೂ ಬಂದೂಕು ಎತ್ತುತ್ತಾರೆ. ಮಾತಿನಲ್ಲಿ ಸೋತರೆ ರೆಕ್ಸ್ ಅಲ್ಲೇ ಹೆಣ. ಮೀರ್ ಧ್ವನಿಯಲ್ಲಿ ಇದು ಇಬ್ಬರು ಸಿಪಾಯಿಗಳ ಜಟಾಪಟಿ. ಯಾರು ಮೊದಲು ಕಣ್ಣು ಮಿಟುಕಿಸುತ್ತಾರೆ ಎಂಬ ಕುತೂಹಲ. ಹೇಲ್ ಅದೇ ಮಾತನ್ನು ಹೇಳುವಾಗ ದನಿ ಏರಿಸುವುದಿಲ್ಲ. ದಣಿವಿದೆ, ಅದರ ಕೆಳಗೆ ಅಧಿಕಾರವಿದೆ, ಎದುರಿಗಿರುವವನ ನೋವು ಗೊತ್ತಿದ್ದೂ ಹೇಳಬೇಕಾದ್ದನ್ನು ಹೇಳುವ ಗಟ್ಟಿತನವಿದೆ. ಹೆಣ್ಣೆಂದು ಮೆದುಮಾಡಿಕೊಂಡದ್ದು ಎಲ್ಲೂ ಇಲ್ಲ. ಬರೆದವರು ಇಂಥವರಿಗೆಂದು ಬರೆಯದೆ ಬಿಟ್ಟ ಮಾತು ಅವಳದ್ದೇ ಆಗಿಬಿಟ್ಟಿತು. ಮೀರ್ ಮೂರನೆಯ ಭಾಗದ ಹೊತ್ತಿಗೆ ಪಳಗಿದರು, ಇಲ್ಲವೆನ್ನುವುದಿಲ್ಲ. ಹೇಲ್ ಮೊದಲ ದಿನವೇ ಪಾತ್ರದೊಳಗಿದ್ದರು.

ತಮಾಷೆಯೆಂದರೆ ಶೆಪರ್ಡ್‌ಗೆ ಉಂಗುರವಿಲ್ಲ. ಗಂಡಿಗೆ ಮಾಡಿದ ಎಷ್ಟೋ ಆನಿಮೇಷನ್‌ಗಳನ್ನೇ ಹೆಣ್ಣಿಗೂ ಹಾಕಿ ಕೆಲಸ ಮುಗಿಸಿದ್ದರು. ಎರಡನೆಯ ಭಾಗದಲ್ಲಿ ಕಸುಮಿ ಎಂಬ ಕಳ್ಳಿಯ ಜೊತೆ ಒಂದು ಔತಣಕ್ಕೆ ಹೋಗಬೇಕಾಗುತ್ತದೆ. ಅದಕ್ಕಾಗಿ ಶೆಪರ್ಡ್‌ಗೆ ಕಪ್ಪು ಚರ್ಮದ ಗಿಡ್ಡ ಉಡುಪು. ಅದನ್ನು ತೊಟ್ಟು ಅವಳು ಕೂರುವುದು ಕಾಲು ಅಗಲಿಸಿಕೊಂಡು, ಮೊಳಕೈಯನ್ನು ತೊಡೆಯ ಮೇಲೂರಿ, ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತ ಗಂಡಸಿನ ಹಾಗೆ. ನಕ್ಕವರು ಬಹಳ. ನನಗೆ ಮಾತ್ರ ಅದು ಬರಬರುತ್ತ ಅವಳ ಸ್ವಭಾವವೆಂದೇ ಕಾಣತೊಡಗಿತು. ಹೇಗೆ ಕೂರಬೇಕೆಂದು ಯಾರೂ ಹೇಳಿಕೊಡದ ಹೆಂಗಸು ಹೀಗಿರುತ್ತಾಳೇನೋ. ಕಂಪನಿ ದುಡ್ಡು ಉಳಿಸಲು ಹೋಗಿ ಒಂದು ರಸ ಹುಟ್ಟಿಸಿಬಿಟ್ಟಿತು.

ಇದೇ ಬಯೋವೇರ್ 1998ರ ‘ಬಾಲ್ಡರ್ಸ್ ಗೇಟ್’ನಲ್ಲಿ ಲಿಂಗ ಬದಲಾವಣೆಯನ್ನು ಬರೀ ನಗೆಗೆ ಬಳಸಿತ್ತು. ಒಬ್ಬ ರಾಕ್ಷಸನನ್ನು ಕೊಂದರೆ ಸೊಂಟಪಟ್ಟಿ ಸಿಗುತ್ತದೆ. ಕಟ್ಟಿಕೊಂಡರೆ ಗಂಡು ಹೆಣ್ಣಾಗುತ್ತಾನೆ, ಹೆಣ್ಣು ಗಂಡಾಗುತ್ತಾಳೆ, ಶಾಪವಿಮೋಚನೆಯಾಗುವವರೆಗೆ ಬಿಚ್ಚಲಾಗದು. ಒಂದು ಸಲ ನಗಬಹುದು. ಹನ್ನೊಂದು ವರ್ಷ ಕಳೆದು ಬಂದ ‘ಡ್ರ್ಯಾಗನ್ ಏಜ್: ಒರಿಜಿನ್ಸ್’ನಲ್ಲಿ ಅದೇ ಕಂಪನಿ ಮಾಡಿದ್ದು ಮಾತ್ರ ನಗುವ ಸಂಗತಿಯಲ್ಲ.

ಆ ಆಟಕ್ಕೆ ಆರು ಬಗೆಯ ಆರಂಭಗಳಿವೆ. ಅವುಗಳಲ್ಲೊಂದು ಡೆನೆರಿಮ್ ನಗರದ ಎಲ್ಫ್ ಕೇರಿ. ಸುತ್ತ ಗೋಡೆ ಕಟ್ಟಿ ಊರಿನಿಂದ ಬೇರೆ ಇಟ್ಟ ಕೇರಿ. ಅಂದು ನಿಮ್ಮ ಮದುವೆ. ಮಂಟಪಕ್ಕೆ ಪ್ರಭುವಿನ ಮಗ ವಾನ್ ತನ್ನ ಪುಂಡರೊಡನೆ ನುಗ್ಗಿ ಹೆಣ್ಣುಮಕ್ಕಳನ್ನು ಹೊತ್ತೊಯ್ಯುತ್ತಾನೆ. ಗಂಡಾಗಿ ಆಡಿದರೆ ಕಥೆ ನಮಗೆ ಪರಿಚಿತ: ವಧುವನ್ನು ಬಿಡಿಸಿ ತರಲು ಸೋದರಸಂಬಂಧಿ ಸೋರಿಸ್ ಜೊತೆ ಅರಮನೆಗೆ ನುಗ್ಗುವುದು. ಹೆಣ್ಣಾಗಿ ಆಡಿದರೆ ಕಣ್ಣು ತೆರೆಯುವುದೇ ಅರಮನೆಯ ಬೀಗ ಹಾಕಿದ ಕೋಣೆಯೊಳಗೆ, ಜೊತೆಗೆ ಹೊತ್ತುತಂದ ಉಳಿದ ಹೆಂಗಸರು. ಕಾವಲುಗಾರರು ಬರುತ್ತಾರೆ, ಎದುರಾಡಿದವಳನ್ನು ಕೊಲ್ಲುತ್ತಾರೆ. ಬಾಗಿಲಲ್ಲಿ ಸೋರಿಸ್ ಕಾಣಿಸುತ್ತಾನೆ; ಅವನು ಹೊಡೆದಾಡಿ ಬಿಡಿಸುವುದಿಲ್ಲ, ಕತ್ತಿಯೊಂದನ್ನು ನೆಲದ ಮೇಲೆ ಜಾರಿಸಿ ನಿಮ್ಮ ಕಡೆ ಬಿಡುತ್ತಾನೆ. ಕಲ್ಲಿನ ಮೇಲೆ ಕತ್ತಿ ಜಾರಿ ಬರುತ್ತದೆ, ಕಾವಲುಗಾರರು ತಿರುಗಿ ನೋಡುತ್ತಾರೆ, ಅಷ್ಟರಲ್ಲಿ ಅದು ಕೈ ಸೇರಿರುತ್ತದೆ. ಕಾಪಾಡಲು ಬಂದ ವರ ಮುಂದಿನ ಕೋಣೆಯೊಂದರಲ್ಲೇ ಸಾಯುತ್ತಾನೆ. ಇಂಥ ಕಥೆಗಳಲ್ಲಿ ಯಾವಾಗಲೂ ನಾಯಕನಾಗುವವನು ಇಲ್ಲಿ ಹೀಗೆ ಬಂದು ಹಾಗೆ ಹೋಗುತ್ತಾನೆ. ಗಂಡಾಗಿ ಆಡಿದ ಮೇಲೆ ಇದನ್ನು ಆಡಿದರೆ ತಿಳಿಯುತ್ತದೆ, ಮೊದಲ ಸಲ ಆ ಬೀಗದ ಕೋಣೆಯನ್ನು ಒಳಗಿನಿಂದ ನಾವು ನೋಡಿರಲೇ ಇಲ್ಲ.

ಕೊನೆಗೆ ವಾನ್ ಸಿಗುತ್ತಾನೆ. ರಕ್ತ ಮೆತ್ತಿದ ಕತ್ತಿ ನೋಡಿ ಹೆದರಿ ವ್ಯಾಪಾರಕ್ಕಿಳಿಯುತ್ತಾನೆ: 40 ಸಾವರಿನ್ ತಗೊಂಡು ಸುಮ್ಮನೆ ಹೋಗು, ಹೆಂಗಸರು ಇಲ್ಲೇ ಇರಲಿ. ಆಟದ ಆ ಹಂತದಲ್ಲಿ ಜೇಬಿನಲ್ಲಿರುವುದು ಚಿಲ್ಲರೆ. 40 ಸಾವರಿನ್ ಎಂದರೆ ಗಂಟು. ಗಂಡಾಗಿ ನಿಂತಾಗ ಆಟಗಾರನ ಮನಸ್ಸು ಎಷ್ಟೇ ಸಿಟ್ಟಿನಲ್ಲಿದ್ದರೂ ಎಲ್ಲೋ ಮೂಲೆಯಲ್ಲಿ ಲೆಕ್ಕ ಹಾಕುತ್ತದೆ, ಅಷ್ಟರಲ್ಲಿ ಎಂಥ ಕವಚ ಬಂದೀತು ಎಂದು. ಹೆಣ್ಣಾಗಿ ನಿಂತಾಗ, ಅರ್ಧ ಗಂಟೆಯ ಹಿಂದೆ ಅದೇ ಮನೆಯಲ್ಲಿ ಬೀಗದೊಳಗೆ ಇದ್ದವಳಾಗಿ ಕೇಳುವಾಗ, ಆ ಲೆಕ್ಕ ಬಾಯಿ ತೆರೆಯುವುದೇ ಇಲ್ಲ. ಆರಂಭದ ಈ ಭಾಗ ದೊಡ್ಡದೇನಲ್ಲ, ರಜೆಯ ಒಂದು ಮಧ್ಯಾಹ್ನದಲ್ಲಿ ಎರಡು ಸಲ ಆಡಿ ಮುಗಿಸಬಹುದು. ಮೊದಲು ಗಂಡಾಗಿ, ಆಮೇಲೆ ಹೆಣ್ಣಾಗಿ ಆಡಿ; ಹಿಂದುಮುಂದಾದರೆ ಅರ್ಧ ರುಚಿ ಕೆಡುತ್ತದೆ.