ಖೊಲ್‌ಸ್ತೊಮೆರ್: ಯಾರ ಮುಪ್ಪಿನ ಕಥೆ?

ಟಾಲ್‌ಸ್ಟಾಯ್ ಕುದುರೆಯ ಮೇಲೆ ಕೂತಿರುವ ಫೋಟೊ ನೋಡದವರು ಕಡಿಮೆ. ಎದೆ ಮುಚ್ಚುವ ಬಿಳಿ ಗಡ್ಡ, ನೆಟ್ಟಗಿನ ಬೆನ್ನು, ಕೆಳಗೆ ದೆಲೀರ್ ಎಂಬ ಕುದುರೆ. ಎಂಬತ್ತು ದಾಟಿದರೂ ಆತ ಸವಾರಿ ಬಿಡಲಿಲ್ಲ. 1910ರ ಜುಲೈ 22ರಂದು ಹೆಂಡತಿಗೆ ಗೊತ್ತಾಗದಂತೆ ಕಾಡಿನಲ್ಲಿ, ಕಡಿದ ಮರದ ಬೊಡ್ಡೆಯ ಮೇಲೆ ಕೂತು ಉಯಿಲಿಗೆ ಸಹಿ ಹಾಕಿದಾಗಲೂ ಅಲ್ಲಿಗೆ ಹೋದದ್ದು ಕುದುರೆಯೇರಿಯೇ. ಆಗ ಆತನಿಗೆ ಎಂಬತ್ತೆರಡಕ್ಕೆ ಒಂದು ತಿಂಗಳು ಬಾಕಿ.

ಮುಪ್ಪಿನಲ್ಲೂ ಕುದುರೆಯ ಸಂಗ ಬಿಡದವರನ್ನು ಕಂಡರೆ ಲೋಕ ಶಹಬ್ಬಾಸ್ ಅನ್ನುತ್ತದೆ. ಜಪಾನಿನ ಹಿರೋಶಿ ಹೊಕೆತ್ಸು 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸವಾರಿ ಮಾಡಿದವರು, 2012ರಲ್ಲಿ ಲಂಡನ್ನಿನಲ್ಲಿ ಮತ್ತೆ ಕಣಕ್ಕಿಳಿದಾಗ ಅವರಿಗೆ 71. ಪತ್ರಿಕೆಗಳು ಕೊಂಡಾಡಿದವು, ಕೊಂಡಾಡಬೇಕಾದ್ದೇ. ಆದರೆ ಅವರನ್ನು ಹೊತ್ತಿದ್ದ ವಿಸ್ಪರ್ ಎಂಬ ಹೆಣ್ಣುಕುದುರೆಗೂ ಹದಿನೈದಾಗಿತ್ತು ಎಂಬುದು ಎಷ್ಟು ಜನಕ್ಕೆ ನೆನಪಿದೆ? ಸವಾರನ ವಯಸ್ಸು ತಲೆಬರಹವಾಗುತ್ತದೆ, ಕುದುರೆಯ ವಯಸ್ಸು ಕೊನೆಯ ಸಾಲಿಗೆ ಹೋಗುತ್ತದೆ. ಈ ಲೆಕ್ಕವನ್ನು ಸರಿಯಾಗಿ ಬರೆದಿಟ್ಟ ಕೃತಿ ನನಗೆ ತಿಳಿದಂತೆ ಒಂದೇ, ಅದೂ ಟಾಲ್‌ಸ್ಟಾಯ್‌ನದೇ: ‘ಖೊಲ್‌ಸ್ತೊಮೆರ್’. 1863ರಲ್ಲಿ ಬರೆದು ಮೂಲೆಗಿಟ್ಟು, 1885ರಲ್ಲಿ ಮತ್ತೆ ಕೈಗೆತ್ತಿಕೊಂಡು ತಿದ್ದಿ, 1886ರಲ್ಲಿ ಅಚ್ಚಾದ ನೀಳ್ಗತೆ. ಮೊದಲು ಬರೆದಾಗ ಆತನಿಗೆ ಮೂವತ್ತೈದು, ಮುಗಿಸಿದಾಗ ಐವತ್ತೇಳು. ನಡುವೆ ಸಮಾರಾದ ಹುಲ್ಲುಗಾವಲಿನಲ್ಲಿ ಕುದುರೆ ಸಾಕಣೆಗೆ ಕೈಹಾಕಿ ಸೋತದ್ದೂ ಆಗಿತ್ತು.

ಈ ಕಥೆ ಹೆಸರಾಗಿದೆ, ಆದರೆ ತಪ್ಪು ಕಾರಣಕ್ಕೆ. ಅದಕ್ಕೆ ನಾನು ದೂರುವುದು ರಷ್ಯನ್ ವಿಮರ್ಶಕ ವಿಕ್ಟರ್ ಶ್ಕ್ಲೋವ್‌ಸ್ಕಿಯನ್ನು, ಅವನಿಗಿಂತ ಹೆಚ್ಚಾಗಿ ಅವನನ್ನು ಮಾತ್ರ ಓದಿ ಕಥೆಯನ್ನು ಬಿಟ್ಟವರನ್ನು. 1917ರ ‘ಕಲೆ ಎಂಬ ತಂತ್ರ’ ಲೇಖನದಲ್ಲಿ ಅವನು ಇದರಿಂದ ಉದ್ದದ ಭಾಗವೊಂದನ್ನು ಎತ್ತಿಕೊಟ್ಟ: ಮನುಷ್ಯರು ‘ನನ್ನ ಭೂಮಿ, ನನ್ನ ಕುದುರೆ’ ಎನ್ನುವುದು ಕುದುರೆಗೆ ಅರ್ಥವಾಗದ ಪ್ರಸಂಗ. ಅಂದಿನಿಂದ ‘ಖೊಲ್‌ಸ್ತೊಮೆರ್’ ಎಂದರೆ ಅಪರಿಚಿತೀಕರಣಕ್ಕೆ, ಅಂದರೆ ಪರಿಚಿತವನ್ನು ಹೊಸದಾಗಿ ಕಾಣಿಸುವ ತಂತ್ರಕ್ಕೆ, ಉದಾಹರಣೆ, ಅಷ್ಟೇ. ನಾನು ಎಂ.ಎ. ಓದುವಾಗ ಎರಡು ವರ್ಷದಲ್ಲಿ ಮೂರು ಸಲ ಈ ಕಥೆಯ ಹೆಸರು ಕೇಳಿದೆ. ಮೂರು ಸಲವೂ ಅದೇ ತುಣುಕು. ಅದೊಂದು ಮುದಿಗುದುರೆಯ ಕಥೆ ಎಂದು ಯಾರೂ ಹೇಳಲಿಲ್ಲ.

ಕಥೆ ಶುರುವಾಗುವಾಗ ಕುದುರೆ ಇನ್ನೂ ಮಾತಾಡುತ್ತಿರುವುದಿಲ್ಲ. ನಸುಕಿನಲ್ಲಿ ಕುದುರೆ ಮೇಯಿಸುವ ನೆಸ್ತೆರ್ ಮಚ್ಚೆಗಳ ಮುದಿಗುದುರೆಗೆ ಜೀನು ಹಾಕುತ್ತಾನೆ. ಅದು ಬೀಜ ಒಡೆಸಿದ ಗಂಡುಕುದುರೆ. ದಾರಿಯಲ್ಲಿ ಅವನು ಹೊಗೆಸೊಪ್ಪಿನ ಕೊಳವೆ ಹಚ್ಚಿಕೊಂಡು ಒಂದು ಪಕ್ಕಕ್ಕೆ ವಾಲಿ ಕೂರುತ್ತಾನೆ. ಹಾಗೆ ಕೂತರೆ ಕುದುರೆಯ ಬೆನ್ನೆಲುಬು ನೋಯುತ್ತದೆ. ನೋಯಲಿ, ಪಾಪ, ಅವನಿಗೆ ಅದೊಂದು ಖುಷಿ ಎಂದುಕೊಂಡು ಅದು ಸಹಿಸುತ್ತದೆ. ಹುಲ್ಲುಗಾವಲು ತಲುಪಿ ಜೀನು ಇಳಿಸಿದ ಮೇಲೆ ನೆಸ್ತೆರ್ ಅದರ ಕತ್ತಿನ ಕೆಳಗೆ ತುರಿಸುತ್ತಾನೆ. ಕುದುರೆ ಕಣ್ಣು ಮುಚ್ಚುತ್ತದೆ. ಮುದಿಯನಿಗೆ ಇದು ಇಷ್ಟ ಎಂದು ನೆಸ್ತೆರ್‌ಗೆ ಸಂತೋಷ. ಅಲ್ಲಿ ಟಾಲ್‌ಸ್ಟಾಯ್ ಮೆಲ್ಲಗೆ ಒಂದು ಮಾತು ಸೇರಿಸುತ್ತಾನೆ: ಕುದುರೆಗೆ ಆ ತುರಿಕೆ ಇಷ್ಟವೇ ಇರಲಿಲ್ಲ, ನಯಕ್ಕಾಗಿ ಇಷ್ಟವಾದಂತೆ ನಟಿಸುತ್ತಿತ್ತು. ಮರುಗಳಿಗೆಯಲ್ಲೇ ನೆಸ್ತೆರ್ ಅದರ ತಲೆಯನ್ನು ಆಚೆ ತಳ್ಳಿ, ಕಡಿವಾಣ ಬೀಸಿ, ಅದರ ಬಕಲಿನಿಂದ ಒಣಗಿದ ಕಾಲಿಗೆ ಬಾರಿಸುತ್ತಾನೆ. ಕುದುರೆ ಏನೂ ತೋರಗೊಡದೆ ಹೊರಟುಹೋಗುತ್ತದೆ.

ನಯ ಎಂದು ಬರೆದೆ. ಟಾಲ್‌ಸ್ಟಾಯ್ ಬಳಸಿದ ರಷ್ಯನ್ ಮಾತಿಗೆ ಅದು ಸಾಲದು. ಕನ್ನಡದಲ್ಲಿ ಅದಕ್ಕೆ ಹೇಳಿ ಮಾಡಿಸಿದ ಪದ ದಾಕ್ಷಿಣ್ಯ. ಉಪ್ಪಿಲ್ಲದ ಸಾರನ್ನು ಚೆನ್ನಾಗಿದೆ ಎಂದು ಉಣ್ಣುವ ಅಜ್ಜನ ದಾಕ್ಷಿಣ್ಯ ಅದು. ಕೈಲಾಗದೆ ಮತ್ತೊಬ್ಬರ ಕೈ ನೋಡಿಕೊಂಡು ಇರುವವರು ಪ್ರೀತಿಯನ್ನು ಅದು ಬಂದ ರೂಪದಲ್ಲೇ ಒಪ್ಪಿಕೊಳ್ಳಬೇಕು, ಒಪ್ಪಿದೆ ಎಂದು ಕಣ್ಣು ಮುಚ್ಚಿ ತೋರಿಸಲೂಬೇಕು. ಈಗ ಹೇಳಿ, ಇಲ್ಲಿ ಅಪರಿಚಿತವಾದದ್ದು ಯಾವುದು? ಪರಿಚಿತವನ್ನು ಹೊಸದಾಗಿ ಕಾಣಿಸುವುದು ತಂತ್ರವಾದರೆ ಇಲ್ಲಿ ನಡೆದದ್ದು ಅದರ ತದ್ವಿರುದ್ಧ. ಮೂಕಪ್ರಾಣಿಯ ಮುಖದಲ್ಲಿ ನಮ್ಮ ಮನೆಯ ಜಗಲಿಯ ಮೇಲಿನ ಮುಖ ಕಂಡು ಬೆಚ್ಚುತ್ತೇವೆ. ಜೊತೆಗೆ ಆ ‘ಏನೂ ತೋರಗೊಡದೆ’! ಹೇಳಲು ಮಾತಿದ್ದವರ ಮೌನಕ್ಕೆ ಮಾತ್ರ ಹಾಗೆನ್ನುತ್ತೇವೆ. ಮುಂದೆ ಐದು ರಾತ್ರಿ ಈ ಕುದುರೆ ಹಿಂಡಿನ ಕುದುರೆಗಳಿಗೆ ತನ್ನ ಬಾಳು ಹೇಳಲಿದೆ ಎಂಬುದರ ಬೀಜ ಈ ಎರಡು ಪದಗಳಲ್ಲಿದೆ. ಶ್ಕ್ಲೋವ್‌ಸ್ಕಿ ಇದನ್ನು ಮುಟ್ಟುವುದೇ ಇಲ್ಲ.

ಮೈಸೂರಿನಲ್ಲಿ ನಮ್ಮ ಬೀದಿಗೆ ಬರುತ್ತಿದ್ದ ಜಟಕಾ ಸಾಬರಿಗೆ ಎಪ್ಪತ್ತರ ಆಸುಪಾಸು. ಅವರ ಹೆಣ್ಣುಕುದುರೆಗೆ ಇಪ್ಪತ್ತು ದಾಟಿತ್ತು. ‘ನಮ್ಮಿಬ್ರುದೂ ಒಂದೇ ಉಮರ್ ನೋಡಿ ಸ್ವಾಮಿ’ ಎಂದು ನಗುತ್ತಿದ್ದರು. ಹುರುಳಿಯನ್ನು ಮೆತ್ತಗೆ ಬೇಯಿಸಿ, ಅಂಗೈಯಲ್ಲಿ ಹಿಸುಕಿ ತಿನ್ನಿಸುತ್ತಿದ್ದರು, ಅದರ ಹಲ್ಲು ಸವೆದಿದ್ದವು. ಕಣ್ಣಿನ ಮೇಲೆ ಹೆಬ್ಬೆಟ್ಟು ಇಳಿಯುವಷ್ಟು ಗುಳಿ, ಜೋತ ಕೆಳದುಟಿ, ಹೆಗಲ ಮೇಲೆ ಕೂದಲು ಹುಟ್ಟದ ಹಳೆಯ ಗಾಯದ ಗುರುತು. ಅವರು ಕಿವಿಯ ಹಿಂದೆ ಕೆರೆದರೆ ಅದು ಕಣ್ಣು ಮುಚ್ಚುತ್ತಿತ್ತು. ಆಗ ಪ್ರೀತಿಯೆಂದರೆ ಇದೇ ಎಂದುಕೊಂಡಿದ್ದೆ. ಈಗಲೂ ಪ್ರೀತಿಯಲ್ಲ ಎನ್ನಲಾರೆ. ಅವರಂತೆ ಮುದಿಗುದುರೆಯನ್ನು ಮಾರದೆ ಇಟ್ಟುಕೊಂಡವರು ಎಷ್ಟು ಜನ? ಆದರೆ ಬೆಳಗಾದರೆ ಹೊಟ್ಟೆಪಟ್ಟಿ ಬಿಗಿದು ನಾಲ್ಕು ಜನರನ್ನು ಎಳೆಯಬೇಕಿದ್ದದ್ದು ಅದೇ. ಒಂದೇ ವಯಸ್ಸಿನ ಇಬ್ಬರಲ್ಲಿ ಒಬ್ಬರು ಕೂತಿರುತ್ತಿದ್ದರು.

ಶ್ಕ್ಲೋವ್‌ಸ್ಕಿಗೆ ಅನ್ಯಾಯ ಮಾಡಬಾರದು. ಕುದುರೆ ಸತ್ತ ಮೇಲೂ ಕಥನದ ರೀತಿ ಬದಲಾಗುವುದಿಲ್ಲ ಎಂದು ಅವನು ಗಮನಿಸಿದ್ದಾನೆ, ಅದು ಸೂಕ್ಷ್ಮ ಓದು. ಆದರೆ ತಂತ್ರ ಸಿಕ್ಕಿದ ಕೂಡಲೇ ಅವನ ಹಸಿವು ತೀರುತ್ತದೆ. ಇದಕ್ಕಿಂತ ಚೆನ್ನಾಗಿ ಓದಿದವನು ವಿಮರ್ಶಕನಲ್ಲ, ನಟ. 1975ರಲ್ಲಿ ನಿರ್ದೇಶಕ ತವ್‌ಸ್ತನೋಗೊವ್ ಲೆನಿನ್‌ಗ್ರಾದಿನಲ್ಲಿ ಈ ಕಥೆಯನ್ನು ರಂಗಕ್ಕೆ ತಂದಾಗ ಕುದುರೆಯಾದ ಎವ್ಗೆನಿ ಲೆಬೆದೆವ್‌ಗೆ ಆಗಲೇ ಅರವತ್ತರ ಹತ್ತಿರ. ಪಾತ್ರಕ್ಕೆ ಬೇಕಾದ ಮುಪ್ಪು ಅವನ ಮೈಯಲ್ಲೇ ಇಳಿಯತೊಡಗಿತ್ತು.

ಕಥೆಗೆ ದೋಷ ಇಲ್ಲವೆಂದಲ್ಲ. ಕುದುರೆಯನ್ನು ಓಡಿಸಿ ಓಡಿಸಿ ಹಾಳುಮಾಡಿದ ಹಳೆಯ ಯಜಮಾನ ಸೆರ್ಪುಖೊವ್‌ಸ್ಕೊಯ್ ಕೊನೆಗೆ ದಿವಾಳಿಯಾಗಿ ಅತಿಥಿಯಂತೆ ಬರುತ್ತಾನೆ. ನಲವತ್ತು ದಾಟಿದವನಷ್ಟೇ, ಆದರೂ ಮುದುಕ. ಅವನನ್ನು ಗುರುತಿಸಿ ಕುದುರೆ ಕ್ಷೀಣವಾಗಿ ಕೆನೆಯುತ್ತದೆ, ನಾಚಿಕೊಂಡಂತೆ ನಡುವೆಯೇ ನಿಲ್ಲಿಸುತ್ತದೆ. ಯಾರೂ ಗಮನಿಸುವುದಿಲ್ಲ. ಕಥೆ ಇಲ್ಲಿಗೆ ನಿಲ್ಲಬೇಕಿತ್ತು. ಟಾಲ್‌ಸ್ಟಾಯ್ ನಿಲ್ಲಿಸುವುದಿಲ್ಲ. ಕಜ್ಜಿ ಹತ್ತಿದ ಕುದುರೆಯನ್ನು ಕೊಯ್ಯಿಸಿ, ಚರ್ಮ ಒಬ್ಬನಿಗೆ, ಮಾಂಸ ತೋಳದ ಮರಿಗಳಿಗೆ, ಮೂಳೆ ರೈತನಿಗೆ ಎಂದು ಹಂಚುತ್ತಾನೆ. ಯಜಮಾನನ ಹೆಣಕ್ಕೆ ಮಾತ್ರ ಹೊಸ ಸಮವಸ್ತ್ರ, ಹೊಸ ಪೆಟ್ಟಿಗೆ, ಯಾರಿಗೂ ಉಪಯೋಗವಿಲ್ಲ. ಉಪದೇಶಕ ಕಥೆಗಾರನ ಹೆಗಲ ಮೇಲೆ ಕೈ ಹಾಕಿದ ಜಾಗ ಇದು. ನಡುವೆ ನಿಂತ ಆ ಕೆನೆತಕ್ಕೆ ಇಂಥ ತಕ್ಕಡಿ ಬೇಕಿರಲಿಲ್ಲ. ಆದರೂ ಸಾಲದ ಕಡೆಯ ಪುಟಗಳಿಗಾಗಿ ಮೊದಲ ಪುಟಗಳನ್ನು ಕಳೆದುಕೊಳ್ಳಲು ನಾನು ತಯಾರಿಲ್ಲ.

1910ರ ಅಕ್ಟೋಬರ್ 28, ಇನ್ನೂ ಬೆಳಕು ಹರಿದಿಲ್ಲ. ಟಾಲ್‌ಸ್ಟಾಯ್ ಮನೆ ಬಿಟ್ಟು ಹೊರಡಲು ತಾನೇ ಕತ್ತಲಲ್ಲಿ ಲಾಯಕ್ಕೆ ನಡೆದ. ಗಾಡಿಯವನು ಕುದುರೆ ಕಟ್ಟುವಾಗ ತಾನೂ ಒಂದು ಕುದುರೆಗೆ ಕಡಿವಾಣ ತೊಡಿಸಲು ಹೋದ. ಕೈ ನಡುಗಿತು. ಜೀವಮಾನವಿಡೀ ಕುದುರೆ ಹತ್ತಿದ ಕೈಗೆ ಬಕಲು ಸಿಗಲಿಲ್ಲ. ಬಿಟ್ಟು ಹೋಗಿ ಗಾಡಿಕೊಟ್ಟಿಗೆಯ ಮೂಲೆಯಲ್ಲಿ ಪೆಟ್ಟಿಗೆಯ ಮೇಲೆ ಕೂತ. ಕುದುರೆಗಳು ಸಿದ್ಧವಾಗುವ ತನಕ ಕಾಯಬೇಕಿತ್ತು.