ಬಾಣನ ಕಾದಂಬರಿಯೂ ಅದರ ರಸಿಕಪರಂಪರೆಯೂ

ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಗದ್ಯದಲ್ಲಿ ಬರೆದ ದೀರ್ಘಕಥೆಗೆ ಕಾದಂಬರಿಯೆಂದು ಹೆಸರಾಗಿರುವುದಷ್ಟೆ. ಒಬ್ಬ ಕವಿಯು ತನ್ನ ನಾಯಿಕೆಗೆ ಇಟ್ಟ ಹೆಸರು ಮೊದಲು ಗ್ರಂಥಕ್ಕೂ ಆಮೇಲೆ ಒಂದು ಸಾಹಿತ್ಯಜಾತಿಗೂ ಸಂಜ್ಞೆಯಾದುದು ಅಪೂರ್ವವಾದ ಸಂಗತಿಯು. ಆದರೆ ಇದರಲ್ಲಿ ಒಂದು ವಿಪರ್ಯಾಸವುಂಟು. 1899ರಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯು ಪ್ರಕಟವಾದಂದಿನಿಂದ ಕನ್ನಡದಲ್ಲಿ ಕಾದಂಬರಿಗಳನ್ನು ಓದಿದವರ ಸಂಖ್ಯೆಯು ಅಪಾರವಾಗಿ ಬೆಳೆದಿದ್ದರೂ, ಅವರಲ್ಲಿ ಬಾಣಭಟ್ಟನ ಕಾದಂಬರಿಯನ್ನು ಓದಿದವರು ವಿರಳರು. ಹೆಸರು ಮನೆಮನೆಗೆ ಬಂದಿತು; ಗ್ರಂಥವು ಪಾಠಶಾಲೆಯ ಬಾಗಿಲಿನಲ್ಲಿಯೇ ನಿಂತಿತು. ಈ ಗ್ರಂಥವನ್ನು ಮೆಚ್ಚಿದವರು ಅದನ್ನು ಇತರರಿಗೆ ಹೇಗೆ ಮುಟ್ಟಿಸಿದರು, ಎಲ್ಲಿ ಮುಟ್ಟಿಸದೆ ಹೋದರು ಎಂಬುದನ್ನು ಪರಾಮರ್ಶಿಸುವುದು ಈ ಕಾರಣದಿಂದ ನಿಷ್ಫಲವಾಗಲಾರದು.

ಬಾಣನ ಕಾಲದಲ್ಲಿ ಗ್ರಂಥವೆಂದರೆ ಮೂಲೆಯಲ್ಲಿ ಒಬ್ಬನೇ ಕುಳಿತು ಓದುವ ವಸ್ತುವಾಗಿರಲಿಲ್ಲ. ಇದಕ್ಕೆ ಆತನ ಹರ್ಷಚರಿತವೇ ಸಾಕ್ಷಿ. ಹರ್ಷನ (ಆಳಿಕೆ 606–647) ಸಭೆಯಿಂದ ಶೋಣಾತೀರದ ಪ್ರೀತಿಕೂಟಕ್ಕೆ ಹಿಂದಿರುಗಿದ ಬಾಣನ ಮುಂದೆ ಸುದೃಷ್ಟಿಯೆಂಬ ಪುಸ್ತಕವಾಚಕನು ಓಲೆಯ ಕಟ್ಟನ್ನು ಬಿಚ್ಚಿ, ಕೆಲವು ಪತ್ರಗಳನ್ನು ಕೈಗೆತ್ತಿಕೊಂಡು, ವಾಯುಪುರಾಣವನ್ನು ಓದುತ್ತಾನೆ. ಅವನ ಹಿಂದೆ ಇಬ್ಬರು ಕೊಳಲು ನುಡಿಸುವವರು ಕುಳಿತಿರುತ್ತಾರೆ. ಬಂಧುಗಳು ಸುತ್ತ ನೆರೆದಿರುತ್ತಾರೆ. ಆ ಓದನ್ನು ಕೇಳಿದ ಮೇಲೆಯೇ ಅವರಿಗೆ ಹರ್ಷನ ಕಥೆಯನ್ನು ಕೇಳುವ ಬಯಕೆಯುಂಟಾಗುತ್ತದೆ. ಒಂದು ಗ್ರಂಥದ ಶ್ರವಣವು ಇನ್ನೊಂದು ಗ್ರಂಥವನ್ನು ಹುಟ್ಟಿಸಿದ ಸಂದರ್ಭವಿದು.

ಕಾದಂಬರಿಯ ರಚನೆಯೂ ಇಂತಹ ಶ್ರವಣಪರಂಪರೆಯ ಮೇಲೆಯೇ ನಿಂತಿರುತ್ತದೆ. ವಿದಿಶೆಯ ಶೂದ್ರಕರಾಜನಿಗೆ ಒಂದು ಗಿಳಿಯು ಕಥೆ ಹೇಳುತ್ತದೆ. ಆ ಗಿಳಿಯು ಅದನ್ನು ಜಾಬಾಲಿಮುನಿಯ ಬಾಯಿಂದ ಕೇಳಿದುದು. ಜಾಬಾಲಿಯ ಕಥೆಯೊಳಗೆ ಮಹಾಶ್ವೇತೆಯು ಅಚ್ಛೋದಸರಸ್ಸಿನ ತೀರದಲ್ಲಿ ಚಂದ್ರಾಪೀಡನಿಗೆ ತನ್ನ ವೃತ್ತಾಂತವನ್ನು ಹೇಳುತ್ತಾಳೆ. ಅವಳ ಮಾತಿನೊಳಗೆ ಕಪಿಂಜಲನು ಪುಂಡರೀಕನ ವಿರಹಾವಸ್ಥೆಯನ್ನು ಹೇಳುತ್ತಾನೆ. ಬೃಹತ್ಕಥೆಯಿಂದ ಬಂದ ಈ ಕಥೆಯ ಸರಳರೂಪವು ಸೋಮದೇವನ ಕಥಾಸರಿತ್ಸಾಗರದಲ್ಲಿಯೂ ಇರುವುದರಿಂದ, ಕಥೆಯೊಳಗೆ ಕಥೆಯಿಡುವ ಕ್ರಮವು ಬಾಣನೊಬ್ಬನದೇ ಎನ್ನುವಂತಿಲ್ಲ. ಆದರೆ ಕೇಳುವವರ ವಿಷಯದಲ್ಲಿ ಕಾಣುವ ಚಮತ್ಕಾರವನ್ನು ಗಮನಿಸಬೇಕು. ಜಾಬಾಲಿಯ ಆಶ್ರಮದಲ್ಲಿ ಈ ಪ್ರಣಯಕಥೆಯನ್ನು ರಾತ್ರಿಯೆಲ್ಲ ಕೇಳಿದವರು ಜಟಾವಲ್ಕಲಧಾರಿಗಳಾದ ತಪಸ್ವಿಗಳು! ಕೊನೆಗೆ ಆ ವೃದ್ಧಮುನಿಯೇ ನಗುತ್ತ, ಕಥಾರಸದ ಸೆಳೆತವನ್ನು ನೋಡಿದಿರಾ, ಹೇಳಹೊರಟುದನ್ನು ಬಿಟ್ಟು ಬಹುದೂರ ಬಂದುಬಿಟ್ಟೆ ಎಂಬರ್ಥದ ಮಾತನ್ನಾಡುತ್ತಾನೆ. ವಿರಾಗಿಯೂ ಹೇಳದಿರಲಾರದ, ವಿರಾಗಿಗಳೂ ಕೇಳದಿರಲಾರದ ಕಥೆಯೆಂದು ಗ್ರಂಥವೇ ಹೇಳಿಕೊಂಡಂತಾಯಿತು. ಇನ್ನು ಶೂದ್ರಕನ ಸಂಗತಿ: ಅನ್ಯರ ಕಥೆಯೆಂದು ಆತನು ಕೇಳಿದುದು ತನ್ನದೇ ಪೂರ್ವಜನ್ಮದ ಕಥೆ. ಅದು ತಿಳಿದೊಡನೆ ಕಾದಂಬರಿಯ ಸ್ಮರಣೆಯು ಅವನನ್ನು ಆ ದೇಹದಲ್ಲಿ ಉಳಿಯಗೊಡುವುದಿಲ್ಲ.

ಜಾಬಾಲಿಯ ಆ ನಗೆಮಾತು ಬಾಣನ ಲೇಖನಿಯಿಂದ ಬಂದುದಲ್ಲ; ಆತನ ಮಗನಾದ ಭೂಷಣಭಟ್ಟನದು. (ಪುಲಿಂದನೆಂದೂ ಇವನಿಗೆ ಹೆಸರುಂಟು.) ಪತ್ರಲೇಖೆಯು ಕಾದಂಬರಿಯ ಮಾತುಗಳನ್ನು ಚಂದ್ರಾಪೀಡನಿಗೆ ಅರಿಕೆಮಾಡುತ್ತಿರುವಾಗ, ಆ ಮಾತು ಮುಗಿಯುವ ಮೊದಲೇ, ತಂದೆಯ ಕಾಲವು ಮುಗಿಯಿತು. ಮಗನು ಉತ್ತರಭಾಗದ ಆದಿಯಲ್ಲಿ ತನ್ನ ಉದ್ದೇಶವನ್ನು ಹೇಳಿಕೊಂಡಿರುತ್ತಾನೆ: ಕಥೆಯು ಅರ್ಧಕ್ಕೆ ನಿಂತುದರಿಂದ ಸಜ್ಜನರಿಗೆ ಉಂಟಾದ ದುಃಖವನ್ನು ನೋಡಿ ಕೈಹಾಕಿದೆನೇ ಹೊರತು ಕವಿತ್ವದ ಗರ್ವದಿಂದಲ್ಲ ಎಂದು. ಕಾದಂಬರಿಯ ರಸದಿಂದ ಲೋಕವೆಲ್ಲ ಮತ್ತವಾಗಿರುವಾಗ, ರಸವೂ ವರ್ಣವೂ ಇಲ್ಲದ ತನ್ನ ಮಾತನ್ನು ಜೋಡಿಸುತ್ತಿರುವೆನೆಂದೂ ಹೇಳುತ್ತಾನೆ. ಕಾದಂಬರಿಯೆಂಬ ಶಬ್ದಕ್ಕೆ ಮದ್ಯವೆಂಬ ಅರ್ಥವೂ ಇರುವುದನ್ನು ನೆನೆದರೆ ಈ ಮಾತಿನ ಸ್ವಾರಸ್ಯವು ತಿಳಿಯುವುದು. ಉತ್ತರಭಾಗವು ಪೂರ್ವಭಾಗಕ್ಕೆ ಸಮನಲ್ಲವೆಂಬ ವಿದ್ವಾಂಸರ ತೀರ್ಮಾನವು ನ್ಯಾಯವಾದುದೇ. ವರ್ಣನೆಗಳು ತೆಳುವಾಗಿವೆ, ಶಾಪಗಳನ್ನು ಒಂದರ ಮೇಲೊಂದು ಬಿಡಿಸುವ ಆತುರವು ಕಾಣುತ್ತದೆ. ಆದರೂ ಈ ಮಗನಿಲ್ಲದಿದ್ದರೆ ಗಿಳಿಯು ವೈಶಂಪಾಯನನೆಂದೂ ವೈಶಂಪಾಯನನು ಪುಂಡರೀಕನೆಂದೂ ಯಾರಿಗೂ ತಿಳಿಯುತ್ತಿರಲಿಲ್ಲ. ಗ್ರಂಥವನ್ನು ಇತರರೊಡನೆ ಹಂಚಿಕೊಂಡವರಲ್ಲಿ ಇವನೇ ಮೊದಲಿಗನು.

ಬಳಿಕ ಬಂದವರು ಹಲವರು. ಕಾಶ್ಮೀರದಲ್ಲಿ ನ್ಯಾಯಮಂಜರೀಕಾರನಾದ ಜಯಂತಭಟ್ಟನ ಮಗ ಅಭಿನಂದನು ಎಂಟು ಸರ್ಗಗಳ ಕಾದಂಬರೀಕಥಾಸಾರವನ್ನು ರಚಿಸಿದನು. ಗುಜರಾತಿನಲ್ಲಿ ಭಾಲಣಕವಿಯು ದೇಶಭಾಷೆಯ ಪದ್ಯಗಳಲ್ಲಿ ಈ ಕಥೆಯನ್ನು ಹೇಳಿದನು. ಆದರೆ ಕನ್ನಡಿಗರಿಗೆ ಮುಖ್ಯನಾದವನು ಹತ್ತನೆಯ ಶತಮಾನದ ಉತ್ತರಾರ್ಧದವನೆಂದು ಎಣಿಸಲ್ಪಡುವ ನಾಗವರ್ಮನು. ಅವನ ಕರ್ಣಾಟಕ ಕಾದಂಬರಿಯು ಚಂಪೂರೂಪದ್ದು. ಬಾಣನ ವರ್ಣನೆಗಳನ್ನು ಕಡಿದು ಕಿರಿದುಮಾಡಿದನೆಂಬುದು ಇವನ ಮೇಲೆ ಸಂಸ್ಕೃತಾಭಿಮಾನಿಗಳು ಹೊರಿಸುವ ಆಕ್ಷೇಪಣೆಯು. ಈ ಆಕ್ಷೇಪಣೆಯು ಭಾಷೆಯ ಸ್ವಭಾವವನ್ನು ಮರೆತು ಮಾಡಿದುದಾಗಿದೆ. ಬಾಣನು ‘ಇದ್ದನು’ ಎಂಬರ್ಥದ ಕ್ರಿಯಾಪದವನ್ನು ವಾಕ್ಯದ ಮೊದಲಲ್ಲಿಯೇ ಇಟ್ಟು, ಆಮೇಲೆ ರಾಜನಿಗೆ ವಿಶೇಷಣಗಳನ್ನು ಸಾಲುಸಾಲಾಗಿ ಹೇರಬಲ್ಲನು; ಕೇಳುವವನಿಗೆ ಆಧಾರವು ಮೊದಲೇ ಸಿಕ್ಕಿರುವುದರಿಂದ ದಣಿವಾಗುವುದಿಲ್ಲ. ಕನ್ನಡದಲ್ಲಿ ವಿಶೇಷಣಗಳೆಲ್ಲ ವಿಶೇಷ್ಯಕ್ಕೆ ಮುಂಚೆ ಬರಬೇಕು, ಕ್ರಿಯೆಯು ಕಡೆಗೆ ನಿಲ್ಲಬೇಕು. ಬಾಣನ ಒಂದು ಪುಟದ ವಾಕ್ಯವನ್ನು ಹಾಗೆಯೇ ಕನ್ನಡಿಸಿದರೆ, ಯಾರ ವಿಷಯವಾಗಿ ಈ ಮಾತುಗಳೆಂದು ತಿಳಿಯುವಷ್ಟರಲ್ಲಿ ಕೇಳುವವನ ಉಸಿರೇ ಕಟ್ಟೀತು. ಆದುದರಿಂದ ನಾಗವರ್ಮನು ಆ ಪ್ರವಾಹವನ್ನು ಕಂದಗಳಾಗಿಯೂ ವೃತ್ತಗಳಾಗಿಯೂ ಒಡೆದು, ಒಂದೊಂದಕ್ಕೂ ವಿಶ್ರಾಂತಿಸ್ಥಾನವನ್ನು ಕಲ್ಪಿಸಿದನು. ಇದು ಅಶಕ್ತಿಯಲ್ಲ, ವಿವೇಕ.

ಹಾಗೆಂದು ನಷ್ಟವೇನೂ ಆಗಲಿಲ್ಲವೆಂದು ಹೇಳುವುದು ಪಕ್ಷಪಾತವಾದೀತು. ಬಾಣನಲ್ಲಿ ವಿಳಂಬವೇ ರಸಪೋಷಕವಾಗಿರುವ ಸ್ಥಲಗಳುಂಟು. ಚಂದ್ರಾಪೀಡನು ಕಾದಂಬರಿಯನ್ನು ಮೊದಲು ಕಾಣುವ ಮುನ್ನ ಕನ್ಯಾಂತಃಪುರದ ವರ್ಣನೆಯು ಮುಗಿಯದಂತೆ ಬೆಳೆಯುವುದು, ನೋಡಬೇಕೆಂಬ ನಮ್ಮ ಆತುರವನ್ನು ಅವನ ಆತುರದೊಡನೆ ಕೂಡಿಸುವುದಕ್ಕಾಗಿಯೇ. ಪದ್ಯವು ಇಂತಹ ಕಡೆ ಬೇಗನೆ ತಲಪಿಸಿಬಿಡುತ್ತದೆ. ಮಹಾಶ್ವೇತೆಯ ಶೋಕದಲ್ಲಿ ಮಾತ್ರ ನಾಗವರ್ಮನು ಯಾರಿಗೂ ಕಡಮೆಯಲ್ಲ. ಅಲ್ಲಿ ಶ್ಲೇಷದ ಭಾರವಿಲ್ಲದ ಕನ್ನಡದ ಮಾತು ನೇರವಾಗಿ ಎದೆಗೆ ತಾಗುತ್ತದೆ.

ಜರ್ಮನಿಯ ವೇಬರ್ ಪಂಡಿತನು 1853ರಲ್ಲಿ ಬಾಣನ ಗದ್ಯವನ್ನು, ಪೊದೆಗಳನ್ನು ಕಡಿಯದೆ ಮುಂದೆ ಹೋಗಲಾಗದ, ಅಪರಿಚಿತಪದಗಳೆಂಬ ಕ್ರೂರಮೃಗಗಳಿಂದ ತುಂಬಿದ ಹಿಂದೂದೇಶದ ಅಡವಿಗೆ ಹೋಲಿಸಿದನು. ಈ ಮಾತಿಗೆ ನಮ್ಮವರು ಕೋಪಿಸಿಕೊಂಡುದು ಸಹಜವೇ. ಆದರೆ ಆ ಅಡವಿಯನ್ನು ಹೆಚ್ಚು ಭಯಂಕರವಾಗಿ ಮಾಡಿದವರು ಪಾಠ ಹೇಳಿದವರೇ ಅಲ್ಲವೆ? ಶುಕನಾಸೋಪದೇಶವೊಂದನ್ನು ಪರೀಕ್ಷೆಗೆ ಗೊತ್ತುಮಾಡಿ, ಸಮಾಸಗಳ ವಿಗ್ರಹವನ್ನು ಕಂಠಪಾಠಮಾಡಿಸಿ, ಯುವರಾಜನಿಗೆ ಹೇಳಿದ ಬುದ್ಧಿವಾದವನ್ನೇ ಕಾದಂಬರಿಯೆಂದು ವಿದ್ಯಾರ್ಥಿಗಳು ತಿಳಿಯುವಂತೆ ಮಾಡಿದುದು ಸಣ್ಣ ಅಪರಾಧವಲ್ಲ. ಕಾದಂಬರಿಯ ರುಚಿ ಹತ್ತಿದವರಿಗೆ ಊಟವೂ ರುಚಿಸದೆಂದು ಪಂಡಿತರಲ್ಲಿ ಗಾದೆಯಿದೆ. ಪರೀಕ್ಷೆಯ ಹಿಂದಿನ ದಿನ ಊಟ ರುಚಿಸದಿರುವುದಕ್ಕೆ ಕಾರಣವೇ ಬೇರೆ!

ಗ್ರಂಥವನ್ನು ಮಹಾಶ್ವೇತಾವೃತ್ತಾಂತದಿಂದ ಆರಂಭಿಸಿ, ಸುದೃಷ್ಟಿಯಂತೆ ಗಟ್ಟಿಯಾಗಿ ಓದಿ, ಪಕ್ಕದಲ್ಲಿ ನಾಗವರ್ಮನ ಪದ್ಯಗಳನ್ನಿಟ್ಟುಕೊಂಡು ಅರ್ಥ ಹೇಳಿದರೆ, ಸಂಸ್ಕೃತವನ್ನು ಅಷ್ಟಾಗಿ ಕಲಿಯದವರೂ ಕಥೆಯೊಳಗೆ ಬರಬಲ್ಲರು. ನಾಗವರ್ಮನ ಹಳಗನ್ನಡವೇ ಈಗ ಅನೇಕರಿಗೆ ಕಠಿನವಾಗಿರುವುದರಿಂದ ಬನ್ನಂಜೆ ಗೋವಿಂದಾಚಾರ್ಯರು ಬಾಣನ ಕೃತಿಯನ್ನು ಹೊಸಗನ್ನಡಕ್ಕೆ ತಂದುದೂ ಅದೇ ಪರಂಪರೆಯ ಕಾರ್ಯವು. ವಿಗ್ರಹವಾಕ್ಯಗಳು ಪುಂಡರೀಕನ ಮರಣವನ್ನು ಕೇಳಿದ ಮೇಲೆ ಬಂದರೆ ಸಾಕು.